ಏರ್‌ಬಸ್ ಎ380: ಪದೇ ಪದೇ ಕೇಳುವ ಪ್ರಶ್ನೆಗಳು

ವಿಮಾನಗಳ ಬಗ್ಗೆ ಮಾತು ಎಲ್ಲಿಂದ ಶುರುವಾದರೂ ಸುತ್ತಿ ಬಳಸಿ ಎ380ಕ್ಕೇ ಬಂದು ನಿಲ್ಲುತ್ತದೆ. ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಸುಲಭದವು ಮೊದಲು, ತಲೆ ಕೆರೆದುಕೊಳ್ಳಬೇಕಾದವು ಆಮೇಲೆ. ನನ್ನ ಪಕ್ಷಪಾತವನ್ನು ಮೊದಲೇ ಹೇಳಿಬಿಡುತ್ತೇನೆ: ಈ ವಿಮಾನ ಅಂದರೆ ನನಗೆ ಪ್ರಾಣ. ವ್ಯಾಪಾರದ ಲೆಕ್ಕದಲ್ಲಿ ಅದು ಸೋತಿತು ಎಂಬುದನ್ನೂ ಒಪ್ಪುತ್ತೇನೆ.

## ಮೊದಲ ಪರಿಚಯ

ಎ380 ಅಂದ್ರೆ ಜಂಬೋ ಜೆಟ್ ತಾನೇ?

ಅಲ್ಲ. ಜಂಬೋ ಎಂಬ ಹೆಸರು ಬೋಯಿಂಗ್ 747ರದ್ದು. ಅದು ಅಮೆರಿಕದ ವಿಮಾನ, ಮೊದಲು ಹಾರಿದ್ದು 1969ರ ಫೆಬ್ರುವರಿ 9ರಂದು. ಎ380 ಯುರೋಪಿನ ಏರ್‌ಬಸ್ ಕಂಪನಿಯ ಎರಡಂತಸ್ತಿನ ಪ್ರಯಾಣಿಕ ವಿಮಾನ. ಫ್ರಾನ್ಸಿನ ಟುಲೂಸ್‌ನಿಂದ 2005ರ ಏಪ್ರಿಲ್ 27ರಂದು ಮೊದಲ ಸಲ ಮೇಲೆದ್ದಿತು. ಪ್ರಯಾಣಿಕರನ್ನು ಹೊತ್ತು ಹೊರಟಿದ್ದು 2007ರ ಅಕ್ಟೋಬರ್ 25ರಂದು, ಸಿಂಗಪುರದಿಂದ ಸಿಡ್ನಿಗೆ, ಸಿಂಗಪುರ ಏರ್‌ಲೈನ್ಸ್ ಹೆಸರಿನಲ್ಲಿ.

ದೂರದಿಂದಲೇ ಗುರುತು ಹಿಡಿಯಬಹುದು. 747ಕ್ಕೆ ಮುಂಭಾಗದಲ್ಲಷ್ಟೇ ಡುಬ್ಬ ಇದೆ, ಪೈಲಟ್‌ಗಳು ಆ ಡುಬ್ಬದಲ್ಲಿ ಕೂರುತ್ತಾರೆ. ಎ380ರಲ್ಲಿ ಮೇಲಿನ ಕಿಟಕಿಗಳ ಸಾಲು ಮುಂದಿನಿಂದ ಬಾಲದ ಹತ್ತಿರದವರೆಗೂ ಓಡುತ್ತದೆ. ಕಾಕ್‌ಪಿಟ್ ಇರುವುದು ಎರಡು ಅಂತಸ್ತುಗಳ ನಡುವಿನ ಮಟ್ಟದಲ್ಲಿ, ಹಾಗಾಗಿ ಮುಖಕ್ಕೆ ಆ ಅಗಲವಾದ ಹಣೆ. ಚೆಲುವು ಯಾವುದರದ್ದು ಅಂತ ಕೇಳಿದರೆ 747 ಅಂತಲೇ ಹೇಳುತ್ತೇನೆ, ಅದರಲ್ಲಿ ಮುಚ್ಚುಮರೆ ಇಲ್ಲ.

ಎಷ್ಟು ದೊಡ್ಡದು ಅಂತ ಕಣ್ಣಿಗೆ ಕಟ್ಟೋ ಹಾಗೆ ಹೇಳ್ತೀರಾ?

ಉದ್ದ 72.7 ಮೀಟರ್. ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ 79.75 ಮೀಟರ್. ನೆಲದಿಂದ ಬಾಲದ ತುದಿಗೆ 24.1 ಮೀಟರ್, ಅಂದರೆ ಹೆಚ್ಚು ಕಡಿಮೆ ಎಂಟಂತಸ್ತಿನ ಮನೆ. ಬಾಲದ ಅಡ್ಡ ರೆಕ್ಕೆಯೇ ಸುಮಾರು 205 ಚದರ ಮೀಟರ್. ಎ320ರಂಥ ಸಾಮಾನ್ಯ ವಿಮಾನದ ಮುಖ್ಯ ರೆಕ್ಕೆಗಳಿಗಿಂತ ಅದು ದೊಡ್ಡದು. ಚಕ್ರಗಳನ್ನು ಎಣಿಸಿದರೆ 22: ಮೂಗಿನ ಕೆಳಗೆ 2, ರೆಕ್ಕೆಗಳ ಕೆಳಗೆ ನಾಲ್ಕು ನಾಲ್ಕು, ಹೊಟ್ಟೆಯ ಕೆಳಗೆ ಆರು ಆರು.

ಅಳತೆಗಳಲ್ಲಿ ಒಂದು ವಿಚಿತ್ರ ಕಾಣುತ್ತದೆ: ಉದ್ದಕ್ಕಿಂತ ಅಗಲವೇ ಹೆಚ್ಚು. ದೊಡ್ಡ ವಿಮಾನಗಳಿಗೆ ನಿಲ್ದಾಣಗಳಲ್ಲಿ 80 ಮೀಟರ್ ಉದ್ದ, 80 ಮೀಟರ್ ಅಗಲದ ಚೌಕದೊಳಗೆ ಜಾಗ ಎಂದು ಮೊದಲೇ ನಿಗದಿಯಾಗಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ಏರ್‌ಬಸ್ ಎಂಜಿನಿಯರುಗಳು ಕೇವಲ 25 ಸೆಂಟಿಮೀಟರ್ ಉಳಿಸಿ ಕಾಲು ಚಾಚಿದರು. ರೆಕ್ಕೆ ಇನ್ನೂ ಉದ್ದವಾಗಿ, ಸಪೂರವಾಗಿ ಇದ್ದಿದ್ದರೆ ಗಾಳಿಯ ಎಳೆತ ಕಡಿಮೆಯಾಗಿ ಇಂಧನ ಉಳಿಯುತ್ತಿತ್ತು. ಆದರೆ ನಿಲ್ಲಿಸಲು ಜಾಗವಿಲ್ಲದ ವಿಮಾನವನ್ನು ಯಾರು ಕೊಳ್ಳುತ್ತಾರೆ?

853 ಜನ ಹೋಗಬಹುದು ಅಂತ ಓದಿದ್ದೆ. ನಾನು ಹೋಗಿದ್ದರಲ್ಲಿ ಅಷ್ಟು ಸೀಟೇ ಇರಲಿಲ್ಲವಲ್ಲ?

853 ಎಂಬುದು ಅನುಮತಿಯ ಮಿತಿ. ಕೆಳಗೆ 538, ಮೇಲೆ 315. ಯಾವ ಸಂಸ್ಥೆಯೂ ಅಷ್ಟು ಸೀಟು ಹಾಕಲಿಲ್ಲ. ಮೂರು ದರ್ಜೆಗಳಿರುವ ವಿಮಾನದಲ್ಲಿ 500ರ ಆಚೀಚೆ ಇರುವುದು ರೂಢಿ.

ಆ ಮಿತಿ ಸಿಕ್ಕಿದ್ದು ಹೇಗೆ ಎಂಬುದು ಕೇಳುವಂಥದ್ದು. ತುರ್ತು ಸಮಯದಲ್ಲಿ ಅರ್ಧದಷ್ಟು ಬಾಗಿಲು ಮಾತ್ರ ಬಳಸಿ 90 ಸೆಕೆಂಡಿನೊಳಗೆ ಎಲ್ಲರೂ ಹೊರಬರಬೇಕು, ಇದು ನಿಯಮ. 2006ರ ಮಾರ್ಚ್ 26ರಂದು ಜರ್ಮನಿಯ ಹ್ಯಾಂಬರ್ಗಿನಲ್ಲಿ, ವಿಮಾನ ನಿಲ್ಲಿಸುವ ಹ್ಯಾಂಗರ್ ಒಂದರಲ್ಲಿ ದೀಪ ಆರಿಸಿ, 853 ಜನರನ್ನೂ 20 ಸಿಬ್ಬಂದಿಯನ್ನೂ ಕೂರಿಸಿ ಪರೀಕ್ಷೆ ಮಾಡಿದರು. 16 ಬಾಗಿಲುಗಳಲ್ಲಿ ಯಾವ ಎಂಟು ತೆರೆಯುತ್ತವೆ ಎಂಬುದು ಒಳಗಿದ್ದವರಿಗೆ ಗೊತ್ತಿರಲಿಲ್ಲ. ಜಾರುಬಂಡೆಗಳ ಮೇಲೆ ಜನ ಸುರಿದಂತೆ ಇಳಿದು, ಕೊನೆಯವನು ನೆಲ ಮುಟ್ಟಿದಾಗ ಗಡಿಯಾರ ತೋರಿಸಿದ್ದು 78 ಸೆಕೆಂಡು. ಮೇಲಂತಸ್ತಿನ ಬಾಗಿಲು ನೆಲದಿಂದ ಸುಮಾರು 8 ಮೀಟರ್ ಎತ್ತರ. ಅಲ್ಲಿಂದ ಕತ್ತಲಲ್ಲಿ ಹಾರುವ ಧೈರ್ಯ ನನಗಂತೂ ಇಲ್ಲ.

ಸೀಟು ಆರಿಸಿಕೊಳ್ಳೋ ಅವಕಾಶ ಇದ್ರೆ ಮೇಲೋ ಕೆಳಗೋ?

ಕಿಟಕಿ ಬೇಕೆಂದರೆ ಮೇಲೆ. ಮೇಲಂತಸ್ತಿನಲ್ಲಿ ವಿಮಾನದ ಗೋಡೆ ಒಳಕ್ಕೆ ಬಾಗಿರುವುದರಿಂದ ಕಿಟಕಿಗೂ ಸೀಟಿಗೂ ನಡುವೆ ಸಂದು ಉಳಿಯುತ್ತದೆ. ಅಲ್ಲಿ ಮುಚ್ಚಳವಿರುವ ಪೆಟ್ಟಿಗೆ ಇಟ್ಟಿರುತ್ತಾರೆ. ನಾನು ಒಂದು ರಾತ್ರಿಯ ಪ್ರಯಾಣದಲ್ಲಿ ಚಪ್ಪಲಿ, ಪುಸ್ತಕ, ಸ್ವೆಟರ್ ಎಲ್ಲ ಅದರೊಳಗೆ ತುರುಕಿ, ಮುಚ್ಚಳದ ಮೇಲೆ ಮೊಣಕೈಯೂರಿ ಮಲಗಿದ್ದೆ. ಆ ಸುಖ ಬೇರೆ ವಿಮಾನಗಳ ಅಗ್ಗದ ದರ್ಜೆಯಲ್ಲಿ ಸಿಕ್ಕಿಲ್ಲ. ಕೆಳಗೆ ಅಗಲ ಹೆಚ್ಚು, ಸಾಲಿಗೆ ಹತ್ತು ಸೀಟು ಇರುತ್ತದೆ, ಮೇಲೆ ಎಂಟು.

ಎರಡೂ ಕಡೆ ಶಬ್ದ ಕಡಿಮೆ. ಎಷ್ಟು ಕಡಿಮೆಯೆಂದರೆ ಎಂಜಿನ್ನಿನ ಗುಂಯ್ಗುಡುವಿಕೆಯಲ್ಲಿ ಮುಚ್ಚಿಹೋಗಬೇಕಾದ ಪಕ್ಕದವರ ಗೊರಕೆ ಸ್ಪಷ್ಟವಾಗಿ ಕೇಳುತ್ತದೆ.

ಒಳಗೆ ಸ್ನಾನದ ಮನೆ, ಬಾರ್ ಎಲ್ಲ ಇದೆ ಅಂತಾರೆ, ನಿಜಾನಾ?

ದುಬೈನ ಎಮಿರೇಟ್ಸ್ ಸಂಸ್ಥೆಯ ಮೊದಲ ದರ್ಜೆಯವರಿಗೆ ಶವರ್ ಇದೆ, ಮೇಲಂತಸ್ತಿನ ಹಿಂಭಾಗದಲ್ಲಿ ಬಾರ್ ಕೂಡ. ಹೀಗೆ ಬಳಸುವಷ್ಟು ಜಾಗ ಒದಗಿಸಿದ್ದು ವಿಮಾನ. ಏನು ಇಡಬೇಕೆಂದು ತೀರ್ಮಾನಿಸಿದ್ದು ಆಯಾ ಸಂಸ್ಥೆ. ಮೆಟ್ಟಿಲು ಮಾತ್ರ ಎಲ್ಲದರಲ್ಲೂ ಉಂಟು: ಮುಂದೆ ಅಗಲವಾದದ್ದು, ಹಿಂದೆ ಸುರುಳಿಯದ್ದು.

## ಹಾರುವುದು, ಇಳಿಯುವುದು

575 ಟನ್ ಇರೋದು ಮೇಲೆ ಏಳೋದಾದ್ರೂ ಹೇಗೆ?

575 ಟನ್ ಅಂದರೆ ಇಂಧನ, ಜನ, ಸರಕು ಎಲ್ಲ ತುಂಬಿಕೊಂಡು ಏಳಬಹುದಾದ ಗರಿಷ್ಠ ತೂಕ. ಎಂಜಿನ್‌ಗಳು ವಿಮಾನವನ್ನು ಎತ್ತುತ್ತವೆ ಎಂಬ ತಪ್ಪು ತಿಳಿವಳಿಕೆ ಇದೆ. ಅವು ಮುಂದಕ್ಕೆ ನೂಕುತ್ತವೆ, ಅಷ್ಟೇ. ನಾಲ್ಕೂ ಸೇರಿ ಟೇಕಾಫ್‌ನಲ್ಲಿ ಕೊಡುವ ನೂಕುಬಲ ಸುಮಾರು 127 ಟನ್ ಭಾರಕ್ಕೆ ಸಮ, ವಿಮಾನದ ತೂಕದ ಕಾಲುಭಾಗವೂ ಇಲ್ಲ. ಎತ್ತುವ ಕೆಲಸ ರೆಕ್ಕೆಯದ್ದು. ಅದರ ವಿಸ್ತೀರ್ಣ 845 ಚದರ ಮೀಟರ್. 575 ಟನ್ನನ್ನು ಅದರಿಂದ ಭಾಗಿಸಿ ನೋಡಿ: ರೆಕ್ಕೆಯ ಪ್ರತಿ ಚದರ ಮೀಟರಿಗೆ 680 ಕಿಲೋ ಬರುತ್ತದೆ. ಒಂದು ಸಣ್ಣ ಚಾಪೆಯಷ್ಟು ಜಾಗದ ಮೇಲೆ ಒಂದು ಪುಟ್ಟ ಕಾರಿನ ಭಾರ. ಸಾಕಷ್ಟು ವೇಗ ಸಿಕ್ಕ ಮೇಲೆ ಗಾಳಿಗೆ ಅದೇನೂ ಹೊರೆಯಲ್ಲ.

ರೆಕ್ಕೆ ಇಷ್ಟು ದೊಡ್ಡದಿರುವುದರಿಂದ ಗಾತ್ರಕ್ಕೆ ಹೋಲಿಸಿದರೆ ಎ380 ನಿಧಾನವಾಗಿಯೇ ಏಳುತ್ತದೆ, ನಿಧಾನವಾಗಿಯೇ ಇಳಿಯುತ್ತದೆ. ನೋಡುವವರಿಗೆ ಅದು ಗಾಳಿಯಲ್ಲಿ ನಿಂತುಬಿಟ್ಟಿದೆಯೇನೋ ಅನಿಸುವುದು ಅದಕ್ಕೇ. ಗಾತ್ರ ಕಣ್ಣಿಗೆ ಮೋಸ ಮಾಡುವುದೂ ಸೇರಿಕೊಳ್ಳುತ್ತದೆ.

ಒಳಗೆ ಕೂತು ನೋಡಬೇಕೆಂದರೆ ರೆಕ್ಕೆಯ ಹಿಂದಿನ ಸೀಟು ಹಿಡಿಯಿರಿ. ರನ್‌ವೇ ಮೇಲೆ ಓಟ ಶುರುವಾದಾಗ ಇಂಧನದ ಭಾರಕ್ಕೆ ಜೋತು ಬಿದ್ದಿದ್ದ ರೆಕ್ಕೆಯ ತುದಿ, ವೇಗ ಏರಿದಂತೆ ನಿಧಾನಕ್ಕೆ ಮೇಲೇಳುತ್ತಾ ಬರುತ್ತದೆ. ಚಕ್ರಗಳು ಇನ್ನೂ ನೆಲದ ಮೇಲಿರುವಾಗಲೇ ರೆಕ್ಕೆ ಹಾರಲು ಶುರು ಮಾಡಿರುತ್ತದೆ.

ನಾಲ್ಕು ಎಂಜಿನ್ ಯಾಕೆ ಬೇಕಿತ್ತು? ಎರಡು ಸಾಲ್ತಿರಲಿಲ್ವಾ?

ಈ ವಿಮಾನದ ಮಟ್ಟಿಗೆ ಸಾಲುತ್ತಿರಲಿಲ್ಲ. ಟೇಕಾಫ್ ವೇಳೆ ಒಂದು ಎಂಜಿನ್ ಕೈಕೊಟ್ಟರೂ ಉಳಿದವು ವಿಮಾನವನ್ನು ಸುರಕ್ಷಿತವಾಗಿ ಮೇಲಕ್ಕೊಯ್ಯಬೇಕು. ಎರಡೇ ಇದ್ದರೆ ಉಳಿದ ಒಂದರ ಮೇಲೆ ಪೂರ್ತಿ ಹೊರೆ. 575 ಟನ್ನಿಗೆ ಅಷ್ಟು ಶಕ್ತಿಯ ಎಂಜಿನ್ ಇರಲಿಲ್ಲ, ಈಗಲೂ ಇಲ್ಲ. ಹಾಗಾಗಿ ರೋಲ್ಸ್ ರಾಯ್ಸ್‌ನ ಟ್ರೆಂಟ್ 900 ಅಥವಾ ಎಂಜಿನ್ ಅಲಯನ್ಸ್‌ನ ಜಿಪಿ7200, ಇವೆರಡರಲ್ಲಿ ಕೊಳ್ಳುವವರು ಆರಿಸಿದ್ದನ್ನು ನಾಲ್ಕರಂತೆ ಕಟ್ಟುತ್ತಿದ್ದರು.

ಇದಕ್ಕೆ ಒಂದು ಹಳೆಯ ಕಾರಣವೂ ಅಂಟಿಕೊಂಡಿದೆ. ಎರಡು ಎಂಜಿನ್ನಿನ ವಿಮಾನ, ಒಂದು ಎಂಜಿನ್ ನಿಂತರೆ 60 ನಿಮಿಷದೊಳಗೆ ಯಾವುದಾದರೂ ನಿಲ್ದಾಣ ತಲುಪುವಂಥ ದಾರಿಯಲ್ಲೇ ಹಾರಬೇಕು ಎಂಬ ನಿಯಮವಿತ್ತು. ನಡುಸಾಗರ ದಾಟುವುದು ಅಂದರೆ ಮೂರು ಅಥವಾ ನಾಲ್ಕು ಎಂಜಿನ್ನಿನವರ ಹಕ್ಕು. 1985ರಲ್ಲಿ ಈ ಮಿತಿಯನ್ನು 120 ನಿಮಿಷಕ್ಕೆ ಸಡಿಲಿಸಿದರು, ಆಮೇಲೆ 180ಕ್ಕೆ. ಈಗ ಎರಡೇ ಎಂಜಿನ್ನಿನ ಏರ್‌ಬಸ್ ಎ350ಕ್ಕೆ 370 ನಿಮಿಷದವರೆಗೂ ಅನುಮತಿ ಇದೆ. ಎಂಜಿನ್‌ಗಳು ಅಷ್ಟು ನಂಬಿಕೆಗೆ ಅರ್ಹವಾದ ಮೇಲೆ ನಾಲ್ಕು ಇಟ್ಟುಕೊಂಡವರಿಗೆ ಉಳಿದದ್ದು ಖರ್ಚು: ನಾಲ್ಕರ ನಿರ್ವಹಣೆ, ನಾಲ್ಕರ ಬಿಡಿಭಾಗ, ನಾಲ್ಕರ ತೂಕ.

ಹಾರ್ತಾ ಇರುವಾಗ ಒಂದು ಎಂಜಿನ್ ನಿಂತರೆ? ಎರಡು ನಿಂತರೆ?

ಒಂದು ನಿಂತರೆ ಪ್ರಯಾಣಿಕರಿಗೆ ಗೊತ್ತಾಗದೆಯೂ ಇರಬಹುದು. ಎತ್ತರ ಒಂದಿಷ್ಟು ಇಳಿಸಿಕೊಂಡು ಹಾರಾಟ ಮುಂದುವರಿಯುತ್ತದೆ. ಎರಡು ನಿಂತರೆ ಇನ್ನಷ್ಟು ಕೆಳಗಿಳಿದು, ಹತ್ತಿರದ ನಿಲ್ದಾಣಕ್ಕೆ ಹೋಗಬಹುದು. ಒಂದೇ ಉಳಿದರೆ ಎತ್ತರ ಕಾಯ್ದುಕೊಳ್ಳಲು ಆಗುವುದಿಲ್ಲ. ನಾಲ್ಕೂ ನಿಂತರೆ ಹೊಟ್ಟೆಯ ಬಳಿಯಿಂದ ಸುಮಾರು 1.6 ಮೀಟರ್ ಅಗಲದ ಪುಟ್ಟ ಗಾಳಿಯಂತ್ರ ತಾನೇ ಹೊರಬಂದು, ಎದುರುಗಾಳಿಗೆ ತಿರುಗುತ್ತಾ ಪೈಲಟ್‌ಗಳಿಗೆ ಬೇಕಾದಷ್ಟು ವಿದ್ಯುತ್ ಕೊಡುತ್ತದೆ.

ಇಳಿದ ಮೇಲೆ ಒಳಗಿನ ಎರಡು ಎಂಜಿನ್ ಮಾತ್ರ ಮುಂದಕ್ಕೆ ಊದುತ್ತಿದ್ದ ಹಾಗೆ ಕಂಡಿತು. ಕೆಟ್ಟಿತ್ತಾ?

ನಿಮ್ಮ ಕಣ್ಣು ಚುರುಕಾಗಿದೆ. ಏನೂ ಕೆಟ್ಟಿರಲಿಲ್ಲ. ಗಾಳಿಯನ್ನು ಮುಂದಕ್ಕೆ ತಿರುಗಿಸಿ ವೇಗ ಇಳಿಸುವ ರಿವರ್ಸರ್ ಎ380ರ ಒಳಗಿನ ಎರಡು ಎಂಜಿನ್‌ಗಳಿಗೆ ಮಾತ್ರ ಇದೆ. ಹೊರಗಿನ ಎಂಜಿನ್ ವಿಮಾನದ ನಡುಗೆರೆಯಿಂದ ಸುಮಾರು 25.7 ಮೀಟರ್ ದೂರದಲ್ಲಿದೆ. ಸಾಮಾನ್ಯ ರನ್‌ವೇ 45 ಮೀಟರ್ ಅಗಲ, ಅಂದರೆ ನಡುಗೆರೆಯಿಂದ ಅಂಚಿಗೆ 22.5. ಲೆಕ್ಕ ಹಾಕಿ: ಹೊರಗಿನ ಎಂಜಿನ್ ಡಾಂಬರು ದಾಟಿ ಹುಲ್ಲಿನ ಕಡೆ ತೂಗಾಡುತ್ತಿರುತ್ತದೆ. ಅಲ್ಲಿ ರಿವರ್ಸರ್ ತೆರೆದರೆ ಮಣ್ಣು, ಕಲ್ಲು ಎದ್ದು ಎಂಜಿನ್ನಿನ ಬಾಯಿಗೇ ಹೋಗುತ್ತದೆ.

ನಿಲ್ಲಿಸುವ ಮುಖ್ಯ ಕೆಲಸ ಹೇಗಿದ್ದರೂ ಬ್ರೇಕಿನದ್ದು. 20 ಮುಖ್ಯ ಚಕ್ರಗಳಲ್ಲಿ 16ಕ್ಕೆ ಬ್ರೇಕ್ ಇದೆ. ಯಾವ ತಿರುವಿನಲ್ಲಿ ರನ್‌ವೇ ಬಿಡಬೇಕೆಂದು ಪೈಲಟ್ ಮೊದಲೇ ಸೂಚಿಸಿದರೆ, ಅದಕ್ಕೆ ತಕ್ಕಷ್ಟೇ ಬ್ರೇಕ್ ಹಾಕಿ ಆ ತಿರುವಿಗೆ ಹದವಾದ ವೇಗದಲ್ಲಿ ಒಯ್ಯುವ ವ್ಯವಸ್ಥೆಯೂ ಉಂಟು.

ಎಷ್ಟು ಇಂಧನ ಕುಡಿಯುತ್ತೆ? ಅಷ್ಟನ್ನ ಎಲ್ಲಿ ಇಡ್ತಾರೆ?

ಪೂರ್ತಿ ತುಂಬಿದರೆ ಸುಮಾರು 3,20,000 ಲೀಟರ್, ತೂಕದಲ್ಲಿ 250 ಟನ್ನಿನ ಆಸುಪಾಸು. ಖಾಲಿ ವಿಮಾನದ ತೂಕವೇ ಸುಮಾರು 277 ಟನ್ ಎಂದು ನೆನಪಿಟ್ಟುಕೊಂಡರೆ, ದೂರದ ಪ್ರಯಾಣದಲ್ಲಿ ಅದು ಹೊರುವುದರಲ್ಲಿ ಹೆಚ್ಚಿನ ಪಾಲು ತನ್ನದೇ ಬುತ್ತಿ ಎಂಬುದು ತಿಳಿಯುತ್ತದೆ. ಆ ಬುತ್ತಿಯಲ್ಲಿ ಸುಮಾರು 15,000 ಕಿಲೋಮೀಟರ್ ನಿಲ್ಲದೆ ಹೋಗಬಹುದು.

11 ಟ್ಯಾಂಕುಗಳಲ್ಲಿ ಹತ್ತು ರೆಕ್ಕೆಗಳಲ್ಲಿವೆ, ಒಂದು ಬಾಲದ ಅಡ್ಡ ರೆಕ್ಕೆಯಲ್ಲಿ. ಬಾಲದ್ದು ಬರೀ ಉಗ್ರಾಣವಲ್ಲ. ಹಾರಾಟದ ನಡುವೆ ಇಂಧನವನ್ನು ಅಲ್ಲಿಗೆ ಕಳುಹಿಸಿ ವಿಮಾನದ ತೂಕದ ಕೇಂದ್ರವನ್ನು ಹಿಂದಕ್ಕೆ ಸರಿಸುತ್ತಾರೆ. ಆಗ ಮೂಗನ್ನು ಎತ್ತಿ ಹಿಡಿಯಲು ಬಾಲ ಕೆಳಮುಖವಾಗಿ ಒತ್ತಬೇಕಾದ ಬಲ ತಗ್ಗುತ್ತದೆ, ಜೊತೆಗೆ ಗಾಳಿಯ ಎಳೆತವೂ. ರೆಕ್ಕೆಯೊಳಗಿನ ಇಂಧನಕ್ಕೂ ಎರಡನೆಯ ಕೆಲಸವಿದೆ. ಹೊರಗಿನ ಟ್ಯಾಂಕುಗಳ ಭಾರ ರೆಕ್ಕೆ ಮೇಲಕ್ಕೆ ಬಾಗುವುದನ್ನು ತಡೆಹಿಡಿದು ಬುಡದ ಮೇಲಿನ ಒತ್ತಡ ಇಳಿಸುತ್ತದೆ.

ಇದರ ಹಿಂದೆ ಬೇರೆ ವಿಮಾನ ಹೋಗೋದು ಅಪಾಯ ಅಂತ ಕೇಳಿದೀನಿ

ಹೌದು. ರೆಕ್ಕೆಯ ತುದಿಗಳಿಂದ ಸುಳಿಗಾಳಿ ಹುಟ್ಟಿ ಹಿಂದೆ ಉಳಿಯುತ್ತದೆ. ವಿಮಾನ ಭಾರವಾದಷ್ಟೂ ಸುಳಿ ಬಲ. ಎ380ಕ್ಕೆಂದೇ 'ಸೂಪರ್' ಎಂಬ ಪ್ರತ್ಯೇಕ ವರ್ಗ ಬಂತು. ಪೈಲಟ್‌ಗಳು ರೇಡಿಯೋದಲ್ಲಿ ತಮ್ಮ ಹಾರಾಟದ ಹೆಸರಿನ ಜೊತೆ ಆ ಮಾತನ್ನು ಸೇರಿಸಿ ಹೇಳುತ್ತಾರೆ. ಇಳಿಯುವಾಗ ಹಿಂದೆ ಬರುವ ಮಧ್ಯಮ ಗಾತ್ರದ ವಿಮಾನ 7 ನಾಟಿಕಲ್ ಮೈಲಿ, ಅಂದರೆ ಸುಮಾರು 13 ಕಿಲೋಮೀಟರ್ ಅಂತರ ಬಿಡಬೇಕು.

2017ರ ಜನವರಿಯಲ್ಲಿ ಅರಬ್ಬೀ ಸಮುದ್ರದ ಮೇಲೆ, ಸುಮಾರು 1000 ಅಡಿ ಮೇಲಿನಿಂದ ಎದುರಾಗಿ ಹಾದುಹೋದ ಎ380ರ ಸುಳಿಗೆ ಒಂದು ಸಣ್ಣ ಖಾಸಗಿ ಜೆಟ್ ಸಿಕ್ಕಿತು. ಅದು ಮಗುಚಿ ಉರುಳುತ್ತಾ ಸಾವಿರಾರು ಅಡಿ ಕೆಳಗಿಳಿದ ಮೇಲೆ ಪೈಲಟ್‌ಗಳ ಹಿಡಿತಕ್ಕೆ ಬಂತು. ಮಸ್ಕತ್‌ನಲ್ಲಿ ಇಳಿಯಿತಾದರೂ ಒಳಗಿದ್ದವರಿಗೆ ಪೆಟ್ಟಾಗಿತ್ತು, ವಿಮಾನ ಮತ್ತೆ ಹಾರುವ ಸ್ಥಿತಿಯಲ್ಲಿರಲಿಲ್ಲ.

## ಕಟ್ಟಿದ ಕತೆ

ಇಷ್ಟು ದೊಡ್ಡದನ್ನ ಎಲ್ಲಿ ಕಟ್ತಿದ್ರು?

ತುಂಡು ತುಂಡಾಗಿ, ನಾಲ್ಕು ದೇಶಗಳಲ್ಲಿ. ರೆಕ್ಕೆ ವೇಲ್ಸ್‌ನ ಬ್ರೌಟನ್‌ನಲ್ಲಿ. ಒಡಲಿನ ಮುಂದಿನ, ಹಿಂದಿನ ಭಾಗಗಳು ಹ್ಯಾಂಬರ್ಗ್‌ನಲ್ಲಿ. ಮೂಗು ಮತ್ತು ನಡುಭಾಗ ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ. ಬಾಲದ ಅಡ್ಡ ರೆಕ್ಕೆ ಸ್ಪೇನ್‌ನಲ್ಲಿ. ಎಲ್ಲವನ್ನೂ ಜೋಡಿಸುತ್ತಿದ್ದದ್ದು ಟುಲೂಸ್‌ನಲ್ಲಿ. ಅಲ್ಲಿಂದ ಹ್ಯಾಂಬರ್ಗಿಗೆ ಹಾರಿಸಿಕೊಂಡು ಹೋಗಿ ಸೀಟು ಜೋಡಿಸಿ, ಬಣ್ಣ ಬಳಿಯುತ್ತಿದ್ದರು.

ಟುಲೂಸ್ ಸಮುದ್ರದ ದಡದಲ್ಲಿಲ್ಲ ಎಂಬುದೇ ದೊಡ್ಡ ತಲೆನೋವು. ಒಡಲಿನ ತುಂಡುಗಳು ಯಾವ ಸರಕು ವಿಮಾನದಲ್ಲೂ ಹಿಡಿಸುತ್ತಿರಲಿಲ್ಲ. ಹಾಗಾಗಿ ಹಡಗಿನಲ್ಲಿ ಗರೋನ್ ನದಿಯ ಮುಖದವರೆಗೆ ತಂದು, ಅಲ್ಲಿ ದೋಣಿಗೆ ಬದಲಾಯಿಸಿ, ಬೋರ್ಡೋ ನಗರದ ಹಳೆಯ ಕಲ್ಲುಸೇತುವೆಯ ಕಮಾನಿನಡಿ ನುಸುಳಿಸಬೇಕಿತ್ತು. ನೀರು ಹೆಚ್ಚಿದ್ದರೆ ತಲೆ ತಾಗುತ್ತದೆ, ಕಡಿಮೆಯಿದ್ದರೆ ತಳ ತಾಗುತ್ತದೆ. ಉಬ್ಬರವಿಳಿತದ ಹೊತ್ತು ನೋಡಿಯೇ ಹೊರಡಬೇಕು. ಲಾಂಗೋನ್‌ನಲ್ಲಿ ಟ್ರೈಲರ್‌ಗೆ ಏರಿಸಿ, ರಾತ್ರಿ ಹೊತ್ತು ರಸ್ತೆ ಮುಚ್ಚಿಸಿ ಸುಮಾರು 240 ಕಿಲೋಮೀಟರ್ ಸಾಗಿಸುತ್ತಿದ್ದರು. ಲೆವಿನ್ಯಾಕ್ ಎಂಬ ಊರಿನ ಬೀದಿಯಲ್ಲಿ ಮನೆಗಳ ಗೋಡೆಗೂ ವಿಮಾನದ ತುಂಡಿಗೂ ಗೇಣಳತೆಯ ಅಂತರವಷ್ಟೇ ಉಳಿಯುತ್ತಿತ್ತು. ಊರವರು ಬಾಗಿಲಿಗೆ ಬಂದು ತೇರು ನೋಡಿದಂತೆ ನೋಡುತ್ತಿದ್ದರು.

ತಂತಿ ಗಿಡ್ಡ ಆಯ್ತು ಅಂತ ಎರಡು ವರ್ಷ ತಡ ಆಯ್ತಂತೆ. ತಮಾಷೆ ತಾನೇ?

ತಮಾಷೆಯಲ್ಲ. ಒಂದು ಎ380ರೊಳಗೆ ಸುಮಾರು 530 ಕಿಲೋಮೀಟರ್ ಉದ್ದದ ವಿದ್ಯುತ್ ತಂತಿ ಇದೆ. ಹ್ಯಾಂಬರ್ಗ್‌ನವರು ಕ್ಯಾಟಿಯಾ ಎಂಬ ವಿನ್ಯಾಸ ತಂತ್ರಾಂಶದ ನಾಲ್ಕನೆಯ ಆವೃತ್ತಿ ಬಳಸುತ್ತಿದ್ದರು, ಟುಲೂಸ್‌ನವರು ಐದನೆಯದ್ದು. ತಂತಿಯ ಕಟ್ಟು ಅಲ್ಯೂಮಿನಿಯಂ ಚೌಕಟ್ಟಿನ ಮೂಲೆಯಲ್ಲಿ ಎಷ್ಟು ಬಾಗುತ್ತದೆ ಎಂಬ ಲೆಕ್ಕ ಒಬ್ಬರದ್ದು ಇನ್ನೊಬ್ಬರಿಗೆ ಸರಿಯಾಗಿ ತಲುಪಲಿಲ್ಲ. ಹ್ಯಾಂಬರ್ಗಿನಿಂದ ಬಂದ ಕಟ್ಟುಗಳನ್ನು ಟುಲೂಸ್‌ನಲ್ಲಿ ಎಳೆದು ಜೋಡಿಸಲು ಹೋದರೆ ಕೊನೆಯ ಕೆಲವು ಸೆಂಟಿಮೀಟರ್ ಸಾಲದು! ಮೊದಲ ವಿಮಾನಗಳ ತಂತಿಗಳನ್ನು ಕೈಯಿಂದಲೇ ಬಿಚ್ಚಿ ಮತ್ತೆ ಹಾಕಿದರು. ಕಂಪನಿಯ ಮೇಲಧಿಕಾರಿಗಳು ಕುರ್ಚಿ ಕಳೆದುಕೊಂಡರು.

ಪರೀಕ್ಷೆಯಲ್ಲಿ ರೆಕ್ಕೆ ಮುರಿದೇ ಹೋಗಿತ್ತು ಅಂತಾರಲ್ಲ?

ಮುರಿಯಬೇಕೆಂದೇ ಬಗ್ಗಿಸಿದ್ದು. ಹಾರಾಟದಲ್ಲಿ ಎಂದಾದರೂ ಎದುರಾಗಬಹುದಾದ ಅತಿ ಹೆಚ್ಚಿನ ಹೊರೆಯ 1.5 ಪಟ್ಟು ತಾಳಬೇಕು ಎಂಬುದು ನಿಯಮ. 2006ರ ಫೆಬ್ರುವರಿ 14ರಂದು ಟುಲೂಸ್‌ನಲ್ಲಿ ಹಾರದ ಒಂದು ಒಡಲಿಗೆ ರೆಕ್ಕೆ ಜೋಡಿಸಿ ಎಳೆಯುತ್ತಾ ಹೋದರು. 1.45 ದಾಟಿತು, 1.5 ಮುಟ್ಟುವ ಮೊದಲೇ ಪಟ್ಟೆಂದು ಮುರಿಯಿತು. ನೂರಕ್ಕೆ ಮೂರರಷ್ಟು ಕೊರತೆ. ಕೆಲವೆಡೆ ಸುಮಾರು 30 ಕಿಲೋ ಲೋಹ ಸೇರಿಸಿ ಬಲಪಡಿಸಿದ ಮೇಲೆ ಅನುಮತಿ ಸಿಕ್ಕಿತು.

ನನ್ನ ಕಣ್ಣಿಗೆ ಇದು ಸೋಲಲ್ಲ, ಎಂಜಿನಿಯರುಗಳ ಹೆಗ್ಗಳಿಕೆ. ಎರಡು ಪಟ್ಟು ತಾಳುವ ರೆಕ್ಕೆ ಯಾರು ಬೇಕಾದರೂ ಮಾಡಬಹುದು, ಆದರೆ ಅದರ ತೂಕಕ್ಕೆ ವಿಮಾನ ಏಳುವುದಿಲ್ಲ. ಅಳೆದೂ ಸುರಿದೂ ಬೇಕಾದಷ್ಟೇ ಬಲ ಇಡುವುದು ಕಷ್ಟದ ಕೆಲಸ.

ತೂಕ ಇಳಿಸೋಕೆ ಹೊಸದಾಗಿ ಏನು ಮಾಡಿದ್ರು?

ಎರಡು ರೆಕ್ಕೆಗಳನ್ನು ಒಡಲಿಗೆ ಬೆಸೆಯುವ ನಡುಪೆಟ್ಟಿಗೆಯನ್ನು ಕಾರ್ಬನ್ ನಾರಿನಲ್ಲಿ ಮಾಡಿದರು. ಒಡಲಿನ ಮೇಲ್ಭಾಗದ ಹಲವು ಹಾಳೆಗಳು ಗ್ಲೇರ್‌ನವು. ಅಲ್ಯೂಮಿನಿಯಂ ಮತ್ತು ಗಾಜಿನ ನಾರನ್ನು ಪದರ ಪದರವಾಗಿ ಅಂಟಿಸಿದ ವಸ್ತು ಅದು. ನಾನು ಹೆಚ್ಚು ಮೆಚ್ಚಿದ್ದು ಹೈಡ್ರಾಲಿಕ್ಸ್, ಅಂದರೆ ವಿಮಾನದ ಚಲಿಸುವ ಭಾಗಗಳನ್ನು ಎಣ್ಣೆಯ ಒತ್ತಡದಿಂದ ನಡೆಸುವ ವ್ಯವಸ್ಥೆಯ ಬದಲಾವಣೆ. ಅದಕ್ಕೂ ಮೊದಲಿನ ಹೆಚ್ಚಿನ ದೊಡ್ಡ ವಿಮಾನಗಳಲ್ಲಿ ಎಣ್ಣೆಯ ಒತ್ತಡ ಚದರ ಇಂಚಿಗೆ 3000 ಪೌಂಡ್, ಇಲ್ಲಿ 5000. ಒತ್ತಡ ಹೆಚ್ಚಿದರೆ ಅದೇ ಕೆಲಸಕ್ಕೆ ಸಣ್ಣ ಕೊಳವೆ, ಸಣ್ಣ ಪಂಪು ಸಾಕು. ಮೂರು ಹೈಡ್ರಾಲಿಕ್ ವ್ಯವಸ್ಥೆಗಳ ಬದಲು ಎರಡು ಇಟ್ಟು, ಆಸರೆಗೆ ವಿದ್ಯುತ್ತಿನಿಂದ ನಡೆಯುವ ಎರಡು ಸೇರಿಸಿದರು. ಹೈಡ್ರಾಲಿಕ್ಸ್ ಪೂರ್ತಿ ಸತ್ತರೂ ವಿಮಾನವನ್ನು ತಿರುಗಿಸಬಹುದು.

## ಅವಘಡಗಳು

ಇದುವರೆಗೆ ಎಷ್ಟು ಜನ ಸತ್ತಿದ್ದಾರೆ?

ಹಾರಾಟದ ಅಪಘಾತದಲ್ಲಿ ಒಬ್ಬರೂ ಇಲ್ಲ. ಕೂದಲೆಳೆಯಲ್ಲಿ ತಪ್ಪಿದ್ದು ಎರಡು ಸಲ. ಮೊದಲನೆಯದು ಮುಂದಿನ ಪ್ರಶ್ನೆಯಲ್ಲಿ ಬರುತ್ತದೆ. ಎರಡನೆಯದು 2017ರ ಸೆಪ್ಟೆಂಬರ್ 30ರಂದು. ಗ್ರೀನ್‌ಲ್ಯಾಂಡ್ ಮೇಲೆ ಹಾರುತ್ತಿದ್ದ ಏರ್ ಫ್ರಾನ್ಸ್ ವಿಮಾನದ ಬಲಗಡೆಯ ಹೊರ ಎಂಜಿನ್ನಿನ ಮುಂದಿನ ಫ್ಯಾನ್ ಕಳಚಿಬಿತ್ತು. ವಿಮಾನ ಕೆನಡಾದ ಗೂಸ್ ಬೇಯಲ್ಲಿ ಸುರಕ್ಷಿತವಾಗಿ ಇಳಿಯಿತು. ಕಳಚಿದ ತುಂಡನ್ನು ಹಿಮದಡಿಯಿಂದ ಹುಡುಕಿ ತೆಗೆದದ್ದು 2019ರಲ್ಲಿ.

ಕ್ವಾಂಟಾಸ್ ವಿಮಾನದ ಎಂಜಿನ್ ಸ್ಫೋಟ ಆಯ್ತಲ್ಲ, ಅವತ್ತು ಏನಾಯ್ತು ಬಿಡಿಸಿ ಹೇಳಿ

2010ರ ನವೆಂಬರ್ 4. ಸಿಂಗಪುರದಿಂದ ಸಿಡ್ನಿಗೆ ಹೊರಟ, ಆಸ್ಟ್ರೇಲಿಯಾದ ಕ್ವಾಂಟಾಸ್ ಸಂಸ್ಥೆಯ 32ನೇ ಸಂಖ್ಯೆಯ ವಿಮಾನದಲ್ಲಿ ಸಿಬ್ಬಂದಿ ಸೇರಿ 469 ಜನ. ಮೇಲೆದ್ದ ಕೆಲವೇ ನಿಮಿಷಗಳಲ್ಲಿ, ಸುಮಾರು 7000 ಅಡಿ ಎತ್ತರದಲ್ಲಿ, ಎಡಗಡೆಯ ಒಳ ಎಂಜಿನ್ ಒಡೆಯಿತು. ಅದರೊಳಗಿನ ಒಂದು ಸಣ್ಣ ಎಣ್ಣೆಕೊಳವೆಯನ್ನು ಕೊರೆಯುವಾಗ ಕೇಂದ್ರ ತಪ್ಪಿ, ಒಂದು ಬದಿಯ ಗೋಡೆ ತೆಳ್ಳಗಾಗಿತ್ತು. ಅಲ್ಲಿ ಬಿರುಕು ಬಿಟ್ಟು, ಎಣ್ಣೆ ಸೋರಿ, ಬೆಂಕಿ ಹತ್ತಿ, ಟರ್ಬೈನ್ ಚಕ್ರ ಸಿಡಿದು ತುಂಡುಗಳು ರೆಕ್ಕೆಯನ್ನು ತೂರಿಕೊಂಡು ಹೋದವು. ಕೆಲವು ಇಂಡೊನೇಷ್ಯಾದ ಬಾಟಂ ದ್ವೀಪದ ಮೇಲೆ ಬಿದ್ದವು.

ಕ್ಯಾಪ್ಟನ್ ರಿಚರ್ಡ್ ಡಿ ಕ್ರೆಸ್ಪಿನಿ ಅವರ ಕಾಕ್‌ಪಿಟ್‌ನಲ್ಲಿ ಅವತ್ತು, ಅದೃಷ್ಟಕ್ಕೆ, ಐವರು ಪೈಲಟ್‌ಗಳಿದ್ದರು. ಇಬ್ಬರು ತಪಾಸಣೆಗೆಂದು ಬಂದವರು. ಪರದೆಯ ಮೇಲೆ ಎಚ್ಚರಿಕೆಗಳು ಒಂದರ ಬೆನ್ನಿಗೊಂದು ಬರತೊಡಗಿದವು. ಒಂದೊಂದನ್ನೂ ಓದಿ, ಮಾಡಬೇಕಾದ್ದನ್ನು ಮಾಡಿ ಮುಗಿಸಲು ಸುಮಾರು 50 ನಿಮಿಷ ಹಿಡಿಯಿತು. ಇಂಧನ ಹೊರಚೆಲ್ಲಲು ಆಗಲಿಲ್ಲ, ಹಾಗಾಗಿ ಇಳಿಯಲು ಅನುಮತಿ ಇರುವುದಕ್ಕಿಂತ ಹೆಚ್ಚಿನ ತೂಕದಲ್ಲೇ ಸಿಂಗಪುರದಲ್ಲಿ ಇಳಿಸಿದರು. ರನ್‌ವೇ ಮುಗಿಯಲು ನೂರು, ನೂರೈವತ್ತು ಮೀಟರ್ ಬಾಕಿ ಇದ್ದಾಗ ವಿಮಾನ ನಿಂತಿತು.

ಕತೆಯ ಕಠಿಣ ಭಾಗ ಇಲ್ಲಿಂದ ಮುಂದೆ. ಬ್ರೇಕ್‌ಗಳು ಕೆಂಪಗೆ ಕಾದಿವೆ. ಪಕ್ಕದಲ್ಲೇ ರೆಕ್ಕೆಯಿಂದ ಇಂಧನ ಸೋರುತ್ತಿದೆ. ಎಡಗಡೆಯ ಹೊರ ಎಂಜಿನ್‌ಗೆ ಹೋಗುವ ತಂತಿಗಳು ಕತ್ತರಿಸಿಹೋಗಿ ಅದು ನಿಲ್ಲುತ್ತಲೇ ಇಲ್ಲ, ತಿರುಗುತ್ತಲೇ ಇದೆ. ಜಾರುಬಂಡೆ ಬಿಚ್ಚಿ ಜನರನ್ನು ಆ ಇಂಧನದ ಕೊಚ್ಚೆಗೆ ಇಳಿಸುವುದೋ, ಒಳಗೇ ಕೂರಿಸುವುದೋ? ಒಳಗೇ ಕೂರಿಸಿದರು. ಅಗ್ನಿಶಾಮಕದವರು ನೊರೆ ಹಾಸಿದ ಮೇಲೆ ಒಂದೇ ಬಾಗಿಲಿಗೆ ಏಣಿ ಹಚ್ಚಿ ಎಲ್ಲರನ್ನೂ ಇಳಿಸಿಕೊಂಡರು. ಹಟಮಾರಿ ಎಂಜಿನ್ನಿನ ಬಾಯಿಗೆ ನೀರು, ನೊರೆ ಸುರಿದು ನಿಲ್ಲಿಸಲು ಮೂರು ಗಂಟೆ ಬೇಕಾಯಿತು. ಯಾರಿಗೂ ಗಾಯವಾಗಲಿಲ್ಲ.

ದುರಸ್ತಿಯ ವೇಳೆ ರೆಕ್ಕೆಯೊಳಗೆ, ಈ ಘಟನೆಗೆ ಸಂಬಂಧವಿಲ್ಲದ ಬಿರುಕುಗಳು ಕಂಡವು: ರೆಕ್ಕೆಯ ಪಕ್ಕೆಲುಬುಗಳನ್ನು ಹೊರಹಾಳೆಗೆ ಹಿಡಿದಿಡುವ ಪಟ್ಟಿಗಳಲ್ಲಿ. 2012ರಿಂದ ಎಲ್ಲ ಎ380ಗಳನ್ನೂ ತಪಾಸಣೆ ಮಾಡಿ ಸರಿಪಡಿಸಬೇಕಾಯಿತು.

## ಲಾಭ ನಷ್ಟದ ಮಾತು

ಪ್ರಯಾಣಿಕರಿಗೆಲ್ಲ ಇಷ್ಟ ಅಂದ ಮೇಲೆ ನಿಲ್ಲಿಸಿದ್ದು ಯಾಕೆ?

ಟಿಕೆಟ್ ಕೊಳ್ಳುವವರಿಗೆ ಇಷ್ಟವಾದರೆ ಸಾಲದು, ವಿಮಾನ ಕೊಳ್ಳುವವರಿಗೂ ಇಷ್ಟವಾಗಬೇಕು. ದೊಡ್ಡ ನಿಲ್ದಾಣಗಳು ಕಿಕ್ಕಿರಿಯುತ್ತವೆ, ಜನರನ್ನು ಒಂದು ದೊಡ್ಡ ಊರಿಂದ ಇನ್ನೊಂದಕ್ಕೆ ರಾಶಿಯಾಗಿ ಸಾಗಿಸಬೇಕಾಗುತ್ತದೆ ಎಂಬುದು ಏರ್‌ಬಸ್‌ನ ಲೆಕ್ಕವಾಗಿತ್ತು. ಆದರೆ ಬೋಯಿಂಗ್‌ನ 777, 787, ಏರ್‌ಬಸ್‌ನದೇ ಎ350ರಂಥ ಎರಡೆಂಜಿನ್ನಿನ ವಿಮಾನಗಳು ಬಂದು, ನಡುವೆ ಎಲ್ಲೂ ಬದಲಾಯಿಸದೆ ನೇರ ಹೋಗುವ ದಾರಿಗಳನ್ನು ತೆರೆದವು. ಮುನ್ನೂರು ಸೀಟು ತುಂಬಿಸುವುದು ಸುಲಭ. ಐನೂರನ್ನು ವರ್ಷದ ಎಲ್ಲ ದಿನ ತುಂಬಿಸಬೇಕೆಂದರೆ ದುಬೈನಂಥ ಅಡ್ಡರಸ್ತೆಯಲ್ಲಿ ಕೂತಿರಬೇಕು. ತುಂಬಿದ ಎ380 ಲಾಭದ ಯಂತ್ರ. ಅರ್ಧ ಖಾಲಿಯಾದರೆ ಬಿಳಿಯಾನೆ.

ಇನ್ನೊಂದು ತಪ್ಪು ಹುಟ್ಟಿನಲ್ಲೇ ಇತ್ತು. ಮುಂದೆ ಇದನ್ನು ಇನ್ನೂ ಉದ್ದ ಮಾಡುವ ಆಸೆಯಿಂದ ರೆಕ್ಕೆಯನ್ನು ಆ ದೊಡ್ಡ ತಮ್ಮನ ಅಳತೆಗೇ ಮಾಡಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ. ಕೂಸು ಹುಟ್ಟಲಿಲ್ಲ, ಇದ್ದವನು ಜೀವಮಾನವಿಡೀ ದೊಡ್ಡ ಕುಲಾವಿ ಹೊತ್ತ.

ಒಟ್ಟು 251 ವಿಮಾನಗಳು ಗ್ರಾಹಕರ ಕೈಸೇರಿದವು. ಅದರಲ್ಲಿ 123 ಎಮಿರೇಟ್ಸ್ ಒಂದಕ್ಕೇ. ಆ ಸಂಸ್ಥೆ ಕೊನೆಯ ಬೇಡಿಕೆ ಕಡಿತ ಮಾಡಿದ ಮೇಲೆ ಏರ್‌ಬಸ್ ತಯಾರಿಕೆ ನಿಲ್ಲಿಸುವುದಾಗಿ ಹೇಳಿದ್ದು 2019ರ ಫೆಬ್ರುವರಿ 14ರಂದು, ರೆಕ್ಕೆ ಮುರಿದು ಸರಿಯಾಗಿ ಹದಿಮೂರು ವರ್ಷಕ್ಕೆ. ಕೊನೆಯದು 2021ರ ಡಿಸೆಂಬರಿನಲ್ಲಿ ಹೊರಟಿತು.

ಹಳೇ 747ಗಳು ಸರಕು ಸಾಗಿಸ್ತಾ ಇವೆ. ಇದನ್ನೂ ಹಾಗೆ ಬಳಸಬಹುದಲ್ವಾ?

ಯೋಜನೆ ಇತ್ತು. ಸರಕು ಸಾಗಿಸುವ ಸಂಸ್ಥೆಗಳಾದ ಫೆಡೆಕ್ಸ್, ಯುಪಿಎಸ್ ಬೇಡಿಕೆಯನ್ನೂ ಸಲ್ಲಿಸಿದ್ದವು. ತಂತಿಯ ಗಲಾಟೆಯಲ್ಲಿ ತಡವಾಗಿ ಇಬ್ಬರೂ ಹಿಂದೆ ಸರಿದರು. ಹಳೆಯ ಎ380ಯನ್ನು ಮಾರ್ಪಡಿಸಲು ಅದರ ಆಕಾರವೇ ಅಡ್ಡಿ. 747ರಲ್ಲಿ ಪೈಲಟ್‌ಗಳು ಮೇಲಿರುವುದರಿಂದ ಸರಕು ಮಾದರಿಯ ಮೂಗನ್ನೇ ಎತ್ತಿ ಉದ್ದನೆಯ ಸಾಮಾನು ನೂಕಬಹುದು. ಎ380ರ ಕಾಕ್‌ಪಿಟ್ ದಾರಿಗಡ್ಡ. ನಡುವಿನ ಮಹಡಿ ಬೇರೆ ಜಾಗವನ್ನು ಎರಡಾಗಿ ಕತ್ತರಿಸುತ್ತದೆ.

ಪ್ರಯಾಣಿಕರ ಎ380ರ ಹೊಟ್ಟೆಯಲ್ಲೂ ಸರಕಿಗೆ ಜಾಗ ಕಮ್ಮಿ. ಅದರಲ್ಲಿ ಹಿಡಿಸುವ ಸಾಮಾನ್ಯ ಅಳತೆಯ ಸರಕು ಪೆಟ್ಟಿಗೆಗಳು 38, ಅದಕ್ಕಿಂತ ಎಷ್ಟೋ ಚಿಕ್ಕದಾದ 777-300ಇಆರ್‌ನಲ್ಲಿ 44. ಅದರ ಮೇಲೆ ಐನೂರು ಜನರ ಸೂಟ್‌ಕೇಸು ಬೇರೆ.

ಈಗ ಎಲ್ಲ ಗುಜರಿಗೆ ಹೋಗಿಬಿಟ್ವಾ?

ಕೆಲವು ಹೋದವು. ಹತ್ತು ವರ್ಷ ಹಾರಿದ್ದನ್ನೇ ಫ್ರಾನ್ಸಿನ ಟಾರ್ಬ್‌ನಲ್ಲಿ ಬಿಚ್ಚಿಹಾಕಿದರು. 2020ರಲ್ಲಿ ಕೋವಿಡ್‌ನಿಂದ ಹಾರಾಟ ನಿಂತಾಗ ಏರ್ ಫ್ರಾನ್ಸ್ ತನ್ನ ಎ380ಗಳನ್ನು ಪೂರ್ತಿ ಕೈಬಿಟ್ಟಿತು. ಲುಫ್ತಾನ್ಸಾ, ಎತಿಹಾದ್ ಬೀಗ ಹಾಕಿಟ್ಟವನ್ನು 2023ರಲ್ಲಿ ಮತ್ತೆ ಹೊರತೆಗೆದವು. ಜನ ಒಮ್ಮೆಲೇ ಪ್ರಯಾಣಕ್ಕೆ ಮುಗಿಬಿದ್ದರು, ಹೊಸ ವಿಮಾನಗಳು ಹೊತ್ತಿಗೆ ಸರಿಯಾಗಿ ಸಿಗಲಿಲ್ಲ. ಎಮಿರೇಟ್ಸ್ ಅಂತೂ 2040ರ ಹತ್ತಿರದವರೆಗೂ ಹಾರಿಸುವ ಮಾತಾಡಿದೆ. ಜಪಾನಿನ ಎಎನ್‌ಎ ಬಳಿ ಮೂರೇ ಇವೆ. ಮೂರಕ್ಕೂ ಕಡಲಾಮೆಯ ಚಿತ್ರ ಬಳಿದು ಟೋಕಿಯೋ–ಹೊನೊಲುಲು ನಡುವೆ ಹಾರಿಸುತ್ತಾರೆ.

ಟಿಕೆಟ್ ತಗೊಳ್ಳದೇ ಒಳಗೆ ನೋಡೋಕೆ ಆಗುತ್ತಾ?

ಟುಲೂಸ್‌ನ ಏರೋಸ್ಕೋಪಿಯಾ ವಸ್ತುಸಂಗ್ರಹಾಲಯದಲ್ಲಿ ಪರೀಕ್ಷಾ ವಿಮಾನವೊಂದಿದೆ, ಒಳಹೋಗಿ ಓಡಾಡಬಹುದು. ಪ್ಯಾರಿಸ್ ಪಕ್ಕದ ಲೆ ಬುರ್ಜೆಯಲ್ಲೂ ಒಂದು ನಿಂತಿದೆ. ಹೋದರೆ ಎಲ್ಲರಂತೆ ಕಾಕ್‌ಪಿಟ್ ಕಡೆ ಓಡಬೇಡಿ. ಮೊದಲು ರೆಕ್ಕೆಯ ಕೆಳಗೆ, ಬುಡದ ಹತ್ತಿರ ನಿಂತು ತಲೆಯೆತ್ತಿ ನೋಡಿ. ಅಲ್ಲಿಂದ ಹೊರಗಿನ ಎಂಜಿನ್ನಿನವರೆಗೆ ನಿಮ್ಮ ಹೆಜ್ಜೆ ಎಣಿಸುತ್ತಾ ನಡೆಯಿರಿ.